ಉಂಡೋ

ತರಬೇತಿಯಲ್ಲಿ ರುಖಿಯಾ ಟೀಚರು
ನಮಗೆ ಬೆನ್ನು ಹಾಕಿ ಕೂರುತ್ತಿದ್ದರು.
ಒಮ್ಮೆ ಫೇಲಾದ ಹುಡುಗ, ಒಮ್ಮೆ ಗಂಡ ಗಲ್ಫಿನಲ್ಲಿರುವ ಬಾಣಂತಿ,
ಒಮ್ಮೆ ಬರೀ ಉಸಿರು.
"ಫೋನಿಗೆ ಮುಖವಿಲ್ಲ, ಅಭ್ಯಾಸವಾಗಲಿ."
ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ಎಂದ ಶ್ರೀಜಿಷಳಿಗೆ
ತಿರುಗದೆಯೇ ಹೇಳಿದರು: "ಇಡ್ತೇನೆ ಫೋನು."

ಕೇಳಬೇಕಾದ್ದನ್ನು ನೇರ ಕೇಳಿ,
ಸಾಯುವ ಯೋಚನೆ ಬರುತ್ತಿದೆಯೇ ಎಂದು,
ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವಷ್ಟು ಸಲೀಸಾಗಿ.
ಚಂದ್ರಗಿರಿ ಸೇತುವೆ ದಾಟುವಾಗ ಕಿಟಕಿಗೆ ಮುಖ ಮಾಡಿ
ತುಟಿ ಅಲುಗಿಸಿ ಕಲಿತೆ.
ಕನ್ನಡದಲ್ಲಿ ಕಲಿತೆ.

ಮೊದಲ ರಾತ್ರಿ ಪಾಳಿ. ಕಾಸರಗೋಡು ಸ್ಟೇಷನ್ನಿನ ಹಿಂದೆ ಎರಡನೇ ಮಾಳಿಗೆ.
ಹನ್ನೊಂದೂ ಕಾಲಿಗೆ:
"ಅವಿಡೆ ಆರೆಂಗಿಲುಂ ಉಂಡೋ?"
ಯಾರಾದರೂ ಇದ್ದೀರಾ ಎಂದು ಅವನ ಪ್ರಶ್ನೆ.
ನನ್ನ ಕಿವಿ ಮುಳ್ಳೇರಿಯದ್ದು,
ಎಷ್ಟು ಮಲಯಾಳ ಕುಡಿಸಿದರೂ
ಉಂಡೋ ಅಂದರೆ ಅದಕ್ಕೆ ಅನ್ನದ ನೆನಪು.

ಉಂಡು, ಎಂದೆ. ಇದ್ದೇನೆ.
ಅವನು ತುಳುವಿಗೆ ಇಳಿದ, ಅಲ್ಲಿಂದ ಮೌನಕ್ಕೆ.
ಮೌನದ ಹಿಂದೆ ರೈಲು, ತೀರ ಹತ್ತಿರ,
ಹಾರ್ನು, ಗಾಲಿ, ಗಾಲಿ, ಗಾಲಿ.
ನನ್ನ ಪೆನ್ನು ಕಾಗದಕ್ಕೆ ತೂತು ಕೊರೆಯಿತು.
"ಉಲ್ಲರಾ?"
ಗಾಲಿ.
"ಉಲ್ಲರಾ?"
"ಉಲ್ಲೆ."

ಆಗ ಕೇಳಿದೆ ಆ ಪ್ರಶ್ನೆ,
ಅರ್ಧ ತುಳು, ಅರ್ಧ ನಡುಕ.
ಹೌದೆಂದ. ತುಸು ತಡೆದು,
ಈವರೆಗೆ ಯಾರೂ ಕೇಳಿರಲಿಲ್ಲ ಎಂದ.

ಮನೆ ಕುಂಬಳೆ ಹತ್ತಿರ, ಹಳಿಯ ಪಕ್ಕ. ಜಗಲಿಯಲ್ಲಿ ಕೂತಿದ್ದಾನೆ.
ಐಸ್ ಪ್ಲಾಂಟಿನ ಕೆಲಸ, ತಮ್ಮ ಮಾತು ಬಿಟ್ಟದ್ದು,
ಒಂದು ಹೆಸರು, ಅದನ್ನು ಎರಡು ಸಲ ಹೇಳಿದ.
ನಾನು ಏನನ್ನೂ ರಿಪೇರಿ ಮಾಡಲಿಲ್ಲ.
ಹೂಂ ಅಂದೆ. ಹೂಂಗೆ ಗಡಿಯಿಲ್ಲ.

ಅಷ್ಟರಲ್ಲಿ ನಮ್ಮ ಕಿಟಕಿಯ ಗಾಜು ನಡುಗಿತು.
ಅವನ ಜಗಲಿ ದಾಟಿದ ಅದೇ ರೈಲು
ಈಗ ನನ್ನ ಬುಡಕ್ಕೆ ಬಂದು ನಿಂತಿತ್ತು.
"ಅಲ್ಲಿಯೂ ರೈಲಾ?"
"ನಿಮ್ಮದೇ," ಎಂದೆ.
ಜಾಗ ಬಿಟ್ಟುಕೊಡಬಾರದೆಂಬ ನಿಯಮ ಮುರಿದಿತ್ತು.
ಮೂಗಿನಿಂದ ಸಣ್ಣಗೆ ಗಾಳಿ ಬಿಟ್ಟ.

ಪುಸ್ತಕದಲ್ಲಿಲ್ಲದ್ದು ಬಾಯಿಗೆ ಬಂತು: ಊಟ?
ಗಂಜಿ ಉಂಟು, ಆರಿದೆ.
ಬಿಸಿ ಮಾಡಲು ಯಾರಿದ್ದಾರೆ?
ಒಳಗೆ ತಮ್ಮ ಮಲಗಿದ್ದಾನೆ.
ಎಬ್ಬಿಸ್ತೀರಾ? ನಾನು ಕಾಯ್ತೇನೆ.
ಚಿಲಕ, ಚಪ್ಪಲಿ,
ಬಹಳ ಹೊತ್ತು ಏನೂ ಇಲ್ಲ,
ಆಮೇಲೆ ನಿದ್ದೆಗಣ್ಣಿನ ಇನ್ನೊಂದು ದನಿ: "ದಾನೆ ಮಾರಾಯ?"

ಫಾರಮ್ಮಿನಲ್ಲಿ 'ಭಾಷೆ' ಎಂಬಲ್ಲಿ ಒಂದೇ ಚೌಕ.
ಖಾಲಿ ಬಿಟ್ಟೆ.
ರುಖಿಯಾ ಟೀಚರು ಫ್ಲಾಸ್ಕಿನ ಚಹಾ ನನ್ನ ಮುಂದಿಟ್ಟು
ಕುರ್ಚಿ ತಿರುಗಿಸಿ
ಬೆನ್ನು ಹಾಕಿ ಕೂತರು.
"ಈಗ ನೀನು ಹೇಳು."