ಒಂದು, ಮೂರು, ನಾಲ್ಕು, ಎರಡು

ಸಲ್ಮಾಬಾದಿನ ಗ್ಯಾರೇಜು ಗಲ್ಲಿಯಲ್ಲಿ ಆಗಸ್ಟ್ ಎಂದರೆ
ಗೋಡೆಯೂ ಬೆವರುತ್ತದೆ.
ರಾತ್ರಿ ಹತ್ತಾದರೂ ಪಾನೆ ಮುಟ್ಟಿದರೆ ಬಿಸಿ.
ಆಸ್ಪತ್ರೆಯ ಅಂಗಿಯಲ್ಲೇ ಬಂದಳು ನವಾಲ್,
ಮೂವತ್ತು ವರ್ಷದ ಗ್ಯಾಲಂಟನ್ನು ಕೆಮ್ಮಿಸುತ್ತ.

"ಮೆಲ್ಲಗೆ ಹೋದರೆ ಸರಿಯಿರುತ್ತೆ, ಮಾಬನ್ನಾ.
ಟರ್ಬೊ ಉಸಿರು ತುಂಬಿ ಊದೋ ಹೊತ್ತಿಗೆ ಮುಗ್ಗರಿಸುತ್ತೆ."
(ಅರಬಿಯಲ್ಲಿ ಪ ಇಲ್ಲ. ಹನ್ನೊಂದು ವರ್ಷದಿಂದ
ಈ ದ್ವೀಪದಲ್ಲಿ ನಾನು ಮಾಪಣ್ಣ ಅಲ್ಲ.)

ಷೆಡ್ಡಿನ ದೀಪ ಆರಿಸಿ ಬಾನೆಟ್ ಎತ್ತಿದೆ.
ನೀರು ಚಿಮುಕಿಸುವ ಬಾಟಲಿ ಬೇಕಾಗಲೇ ಇಲ್ಲ,
ಗಾಳಿಯೇ ಒದ್ದೆ ಬಟ್ಟೆ.
ಹಳೇ ವೈರುಗಳ ಮೈಮೇಲೆ ನೀಲಿ ಇರುವೆಗಳು
ಸಾಲುಗಟ್ಟಿ ಹರಿದಾಡುತ್ತಿದ್ದವು.
ಪ್ಲಗ್ಗಿನ ತುದಿ ಸೇರಬೇಕಾದ ಕಿಡಿ
ದಾರಿಯಲ್ಲೇ ಸೋರಿ ಕಬ್ಬಿಣ ನೆಕ್ಕುತ್ತಿತ್ತು.
ಅವಳು ಬಹಳ ಹೊತ್ತು ಮಾತಾಡಲಿಲ್ಲ.
"ಚೆಂದ ಇದೆ," ಅಂದಳು ಆಮೇಲೆ. "ಇದೇನಾ ಕಾಯಿಲೆ?"

ಹೊಸದು ಆರಿಸುವಾಗ ಜಗಳ.
ಅವಳಿಗೆ ಕೆಂಪೇ ಬೇಕು, ಹತ್ತು ಮಿಲಿ ದಪ್ಪ, ಒಳಗೆ ಗಟ್ಟಿ ತಾಮ್ರ.
ಕರೆಂಟಿಗೆ ಬಣ್ಣ ಕಾಣೋದಿಲ್ಲ ತಾಯಿ, ಅಂದೆ.
ದಪ್ಪ ಅನ್ನೋದು ಬರೇ ಅಂಗಿ, ಒಳಗಿನ ಹುರಿ ನೋಡು.
ತಾಮ್ರ ಹಾಕಿದರೆ ಕಂಪ್ಯೂಟರ್ ಪೆಟ್ಟಿಗೆಗೆ ತಲೆನೋವು,
ರೇಡಿಯೋ ತುಂಬ ಕರಕರ.
"ಶುಕ್ರವಾರ ಸಖೀರಿನಲ್ಲಿ ಕಾಲು ಮೈಲಿ ಓಡಿಸೋಕೆ
ರೇಡಿಯೋ ಯಾಕೆ? ಯಾರು ಕೇಳ್ತಾರೆ?"

ನಾನು, ಅನ್ನಲಿಲ್ಲ.
ಅವಳ ಕಾರು ಷೆಡ್ಡಿನಲ್ಲಿ ಉಳಿದ ರಾತ್ರಿಗಳಲ್ಲಿ
ಕಡಲ ಮೇಲಿಂದ ಮೀಡಿಯಂ ವೇವ್ ತೇಲಿ ಬರುತ್ತದೆ.
ಪಾರಸಿ, ಉರ್ದು, ಮತ್ತೆ ಪಾರಸಿ.
ಒಂದೇ ಒಂದು ಸಲ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ,
ಬಿಳಿಜೋಳದ ಪೇಟೆ ಧಾರಣೆ, ಕನ್ನಡದಲ್ಲಿ:
ಕ್ವಿಂಟಲಿಗೆ ಎರಡು ಸಾವಿರದ...
ಅಷ್ಟರಲ್ಲಿ ಅಲೆ ನುಂಗಿತು.
ಗಿರಾಕಿಗೆ ಇದನ್ನೆಲ್ಲ ಹೇಗೆ ಹೇಳೋದು?

ಮೀಟರಿನ ಮುಳ್ಳು ಚುಚ್ಚಿ ತೋರಿಸಿದೆ:
ಇದು ಸುರುಳಿ ಹುರಿಯದು, ಎಂಟೂವರೆ ಮಿಲಿ, ಸಿಲಿಕಾನ್ ಹೊದಿಕೆ,
ಅಡಿಗೆ ಐವತ್ತು ಓಮೂ ಇಲ್ಲ.
ನಿನ್ನ ಹಳೆಯದರಲ್ಲಿ ಒಂದಕ್ಕೇ ಹದಿನೆಂಟು ಸಾವಿರ.
ನಾಡಿ, ಜ್ವರ, ರಕ್ತದೊತ್ತಡ: ಅಂಕಿ ನಂಬುವ ಹೆಂಗಸು.
ಒಪ್ಪಿದಳು. ಕೆಂಪು ಮಾತ್ರ ಬಿಡಲಿಲ್ಲ.

ಹಾಕೋದು ನಾನೇ, ಅಂತ ತೋಳು ಮಡಚಿದಳು.
ನನ್ನ ಪಾಲಿಗೆ ಟಾರ್ಚು ಮತ್ತು ಬಾಯಿ.
ಮೊದಲು ಎಂಜಿನ್ ಆರಲಿ, ಕರಕ್ ಕುಡಿ.
ಪ್ಲಗ್ಗಿನ ಸಂದು ಪಾಯಿಂಟ್ ಏಳಕ್ಕೆ ಇಳಿಸು,
ಒತ್ತಡ ಏರಿದಷ್ಟೂ ಕಿಡಿಗೆ ಜಿಗಿಯೋದು ಕಷ್ಟ.
ವೈರು ಹಿಡಿದು ಎಳೀಬೇಡ, ಬೂಟು ಹಿಡಿದು ತಿರುವು,
ಬೆಂಡೋಲೆ ಬಿಚ್ಚಿದ ಹಾಗೆ.
ಒಳಗೆ ಕಡಲೆಬೇಳೆಯಷ್ಟು ಗ್ರೀಸು.
ಒಂದು ತೆಗಿ, ಒಂದು ಹಾಕು. ನಾಲ್ಕನ್ನೂ ಒಟ್ಟಿಗೆ ಕೀಳಬೇಡ.

ವಾರ್ಡಿನಿಂದ ಫೋನು ಬಂತು.
ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು,
ಯಾರೋ ಮುದುಕನ ಸಲೈನಿನ ಲೆಕ್ಕ ಹೇಳುತ್ತ
ನಾಲ್ಕನ್ನೂ ಕಿತ್ತುಬಿಟ್ಟಳು.
ನೋಡುತ್ತಲೇ ಇದ್ದೆ. ಸುಮ್ಮನಿದ್ದೆ, ಏಕೋ.
ಕೀಲಿ ತಿರುಗಿಸಿದಳು. ಢಂ!
ಪಕ್ಕದ ಟೈರಂಗಡಿಯ ಬೆಕ್ಕು ತಗಡು ಹತ್ತಿತು.

ಶಹಾಬಾದಿನಲ್ಲಿ ಖಾಜಾ ಉಸ್ತಾದರು
ಬೆನ್ನಿಗೊಂದು ಗುದ್ದಿ ಕಲಿಸಿದ ಮಗ್ಗಿ:
"ಸಾಲಿಯೊಳಗಿನ ಎಣಿಕೆ ಬ್ಯಾರೆ, ಎಂಜಿನ್ನಿನ ಎಣಿಕೆ ಬ್ಯಾರೆ, ಮಗನ.
ಒಂದ, ಮೂರ, ನಾಕ, ಎರಡ."
ಗುದ್ದು ಬಿಟ್ಟು ಉಳಿದದ್ದನ್ನು ದಾಟಿಸಿದೆ.
"ಒಂದ," ಅಂದಳು ನವಾಲ್. ಟಿಕ್.
"ಮೂರ." ಟಿಕ್.
"ನಾಕ" ಬಾಯಿಗೆ ಬಂತು, ಬೂಟು ಮಾತ್ರ ಕೂರಲಿಲ್ಲ,
ಅಂಗೈಯಿಂದ ಒತ್ತಿದಳು. ಟಿಕ್.
"ಎರಡ."

ಈ ಸಲ ಎಂಜಿನ್ ತಡವರಿಸಲಿಲ್ಲ.
ಗಲ್ಲಿಯ ಕೊನೆತನಕ ಓಡಿಸಿ, ಹಿಂದೆ ಬಂದು,
ಅದೇನು ತೋಚಿತೋ, ರೇಡಿಯೋ ತಿರುವಿದಳು.
"ಏನೂ ಇಲ್ಲವಲ್ಲ ಮಾಬನ್ನಾ. ಒಂದು ಕರಕರವೂ ಇಲ್ಲ."
ನಾಲ್ಕು ಗಂಟೆಗೆ ಹಾಕಿ ನೋಡು, ಅಂದೆ.
ಯಾಕೆ ಅಂತ ಕೇಳಲಿಲ್ಲ.
ನಾಳೆಯಿಂದ ಅವಳದ್ದು ರಾತ್ರಿ ಪಾಳಿ.