ವೇಗ

ಶಹಾಬಜಾರದ ದವಾಖಾನಿ, ಗೋಡಿ ತುಂಬ ಗಾಜಿನ ಭರಣಿ.
ಡಾಕ್ಟರ್ ಗಂಗಾಂಬಿಕಾ ನಾಡಿ ಹಿಡಿದು ಕಣ್ಣು ಮುಚ್ಚಿದರು.
ನಾ ಚೀಲ ತೊಡಿ ಮ್ಯಾಲ ಇಟ್ಟುಕೊಂಡು ಕುಂತಿದ್ದೆ
ಚಿಲ್ಲರಿ ಸಪ್ಪಳಾಗದಂಗ.

"ದಿನಚರಿ ಬರದು ಕೊಡತೀನಿ, ನೀಲಗಂಗಾ.
ಬ್ರಾಹ್ಮೀ ಮುಹೂರ್ತದಾಗ ಏಳಬೇಕು."
ಅದೇನ್ರೀ ಹೊಸದು, ಅಂದೆ.
ಐದೂ ಕಾಲಿಗೆ ಯಾದಗಿರಿ ಗಾಡಿ.
ಹನ್ನೆರಡು ವರ್ಷಾತು ಆ ಮುಹೂರ್ತದಾಗ
ರೊಟ್ಟಿ ಬಡದು, ಡಬ್ಬಿ ಕಟ್ಟಿ, ಡಿಪೋದಾಗ ಮಷೀನಿಗೆ ಸಹಿ ಹಾಕೀನಿ.
ದೇವರು ಆ ಹೊತ್ತಿಗೆ ಎದ್ದಿರತಾನೋ ಇಲ್ಲೋ,
ಡ್ರೈವರ್ ಖಾಜಾಪಟೇಲ ಎದ್ದಿರತಾನ,
ಇಂಜಿನ್ನಿನ ಜೋಡಿ ಮಾತಾಡಿಕೋತ.

ಇರಲಿ ಅಂತ ಶುರು ಮಾಡಿದೆ.
ತಾಮ್ರದ ಪಟ್ಟಿಲೆ ನಾಲಿಗಿ ಕೆರದರ
ನಿನ್ನಿ ಕೂಗಿದ ಊರ ಹೆಸರೆಲ್ಲ ಬೆಳ್ಳಗ ಪದರಾಗಿ ಬಂದವು:
ಶಹಾಬಾದ, ವಾಡಿ, ನಾಲವಾರ.
ಬಾಯಿ ತುಂಬ ಎಳ್ಳೆಣ್ಣಿ ಹಿಡಿದು ಹಿತ್ತಲದಾಗ ನಿಂತೆ.
ಅತ್ತಿ ಕೇಳಿದಳು, ಹಾಲಿನವ ಬಂದನೇನು?
ಗಂಡ ಕೇಳಿದ, ನನ್ನ ಅಂಗಿ ಎಲ್ಲಿ ಅದ?
ಊಂ, ಅಂದೆ. ಇಬ್ಬರಿಗೂ ಅದೇ ಊಂ.
ಹತ್ತು ನಿಮಿಷ ಯಾರಿಗೂ ಜವಾಬು ಕೊಡದ ಬಾಯಿ!
ಉಗುಳೂ ಮುಂದ ಮನಸೇ ಆಗಲಿಲ್ಲ.

ಎರಡನೇ ಸಲ ಹೋದಾಗ ಡಾಕ್ಟರು ಬೆರಳು ಮಡಚಿದರು.
"ತಡೀಬಾರದ ವೇಗ ಹದಿಮೂರು.
ಹಸಿವಿ, ನೀರಡಕಿ, ನಿದ್ದಿ,
ಸೀನು, ಆಕಳಿಕಿ, ಏದುಸಿರು, ಕಣ್ಣೀರು..."
ಹದಿಮೂರನೇದು ಹೇಳೂ ಮುಂದ ಸಣ್ಣಗ ಕೆಮ್ಮಿದರು.
ಕೆಮ್ಮೂ ಆ ಪಟ್ಟಿಯೊಳಗಿಂದೇ ಅಂತ.
ಇಬ್ಬರೂ ನಕ್ಕಿವಿ.
ಮೂತ್ರ ಅಂದಾಗ ನಾ ನಗಲಿಲ್ಲ.

ನನ್ನ ನೀರಿನ ಬಾಟಲಿ ನೋಡೀರೇನು?
ನಸುಕಿನ್ಯಾಗ ತುಂಬಿದ್ದು
ರಾತ್ರಿ ತುಂಬಿದಂಗೇ ಮನಿಗೆ ಬರತದ.
ಎಪ್ರಿಲ್ ತಿಂಗಳು, ನಲವತ್ಮೂರು ಡಿಗ್ರಿ,
ಕಿಡಕಿಯೊಳಗಿಂದ ಬರೂದು ಗಾಳಿ ಅಲ್ಲ, ಹಂಚಿನ ಉಸಿರು.
ಕುಡದರ ಇಳೀಬೇಕು. ಇಳದರ ಎಲ್ಲಿ?
ಗಂಡಸರಿಗೆ ದಾರಿ ಉದ್ದಕ್ಕೂ ಬೇಲಿ ಅದ.
ನಾ ಹಲ್ಲು ಕಚ್ಚಿ ಟಿಕೀಟ್ ಹರೀತೀನಿ,
ಐದು ರೂಪಾಯಿ ಚಿಲ್ಲರಿಗೆ ಜಗಳಾ ಮಾಡತೀನಿ.
ಹೊಟ್ಟಿ ಕೆಳಗ ಒಂದು ಕಲ್ಲು, ಊರಿಂದ ಊರಿಗೆ, ಟಿಕೀಟಿಲ್ಲದ ಪ್ರಯಾಣ.

ಮಂಗಳವಾರ, ವಾಡಿ ದಾಟಿದ ಮ್ಯಾಲ,
ಸಿಮೆಂಟಿನ ಧೂಳು ತೆಳ್ಳಗಾದ ಜಾಗದಾಗ,
ಒಂದು ಗಂಟಿ ಹೊಡದೆ.
ಖಾಜಾಪಟೇಲ ಕನ್ನಡಿಯೊಳಗ ನೋಡಿದ: ಯಾರೂ ಇಳಿಯವರಿಲ್ಲಲ್ಲ?
ನಾ ಇಳಿಯಾಕಿ, ಅಂದೆ.
ತೊಗರಿ ಹೊಲದಂಚಿನ ಮುರುಕು ಪಂಪ್‌ಶೆಡ್ಡಿಗೆ ನಡದೆ.
ಹಿಂದ ಹೆಜ್ಜಿ ಸಪ್ಪಳ. ತಿರುಗಿದರ,
ಕೂಸು ಎತ್ತಿಕೊಂಡ ಬಾಣಂತಿ, ಬುರ್ಖಾದ ಮುದುಕಿ,
ಕಾಲೇಜ್ ಹುಡುಗ್ಯಾರು, ಮೆಣಸಿನಕಾಯಿ ಚೀಲದಾಕಿ,
ಸೊನ್ನೆ ರೂಪಾಯಿ ಟಿಕೀಟಿನ ಹದಿನೇಳು ಮಂದಿ.
ಯಾರೂ ಕೇಳಿರಲಿಲ್ಲ. ಎಲ್ಲರೂ ತಡಕೊಂಡಿದ್ದರು.

ಗಂಡಸರು ಗಡಿಯಾರ ನೋಡಿಕೋತ ಕುಂತಿದ್ದರು.
ಒಬ್ಬ ಏನೋ ಅನ್ನಾಕ ಬಾಯಿ ತೆಗೆದ;
ಮುದುಕಿ ಹತ್ತಿಕೋತ ಅವನ ಕಡೆ ನೋಡಿದಳು, ಅಷ್ಟೇ.

ಯಾದಗಿರಿಯೊಳಗ ಕಂಟ್ರೋಲರ್ ಹಾಳಿ ಮುಂದ ಸರಿಸಿದರು.
ಒಂಬತ್ತು ನಿಮಿಷ ತಡ. ಕಾರಣ ಬರೀರಿ.
ವೇಗ, ಅಂತ ಬರದೆ.
"ವೇಗದಿಂದ ತಡ ಹೆಂಗ ಆಗತದವ್ವಾ?"
ಡಾಕ್ಟರ್ ಹೇಳ್ಯಾರ್ರಿ, ಅಂದೆ,
ಬಾಟಲಿ ಎತ್ತಿ ಅವರ ಎದುರಿಗೇ ಗಟಗಟ ಕುಡದೆ.

ಈಗ ರಾತ್ರಿ ಕಂಚಿನ ಬಟ್ಟಲದಾಗ ಎಣ್ಣಿ ಬೆಚ್ಚಗ ಮಾಡತೀನಿ.
ನಿಂತು ನಿಂತು ಬಿರದ ಹಿಮ್ಮಡಿಗೆ,
ಚಿಲ್ಲರಿ ಎಣಿಸಿದ ಕಪ್ಪು ಬೆರಳಿಗೆ.
ಫರ್ಶಿ ಮ್ಯಾಲ ನನ್ನವೇ ಪಾದ ಮೂಡಿರತಾವ,
ಅತ್ತಿ ಬೈತಾಳ, ಜಾರಿ ಬಿದ್ದರ ಯಾರು ನೋಡೋರು ಅಂತ.
ಹೋದ ವಾರದಿಂದ ಅಕೀನೂ ಕಾಲು ಚಾಚತಾಳ.

ಪಟ್ಟಿಯೊಳಗ ಕಣ್ಣೀರು ಉಳದದ.
ಅದಕ್ಕ ಇನ್ನೂ ಸ್ಟಾಪ್ ಸಿಕ್ಕಿಲ್ಲ.