ತೂತಿನ ಕೌದಿ

ಎರಡು ವಾರಕ್ಕೊಂದು ಮಂಗಳವಾರ
ನಮ್ಮ ವ್ಯಾನು ಅಕ್ಕಲಕೋಟ ದಾಟಿ
ಬೋರಿ ಹೊಳೆಯ ದಂಡೆಗೆ, ಇಟ್ಟಂಗಿ ಭಟ್ಟಿಗೆ ಇಳಿಯುತ್ತದೆ.
ನಾನು ಡ್ರೈವರ್. ಗಾಡಿ ನಿಂತ ಮೇಲೆ ಕಂಪೌಂಡರ್.
ಕತ್ತೆ ಒದ್ದ ದಿನ ಪೇಶಂಟು.

ರಜಿಸ್ಟರು ಮರಾಠಿಯಲ್ಲಿದೆ, ಬೈಗುಳ ಕನ್ನಡದಲ್ಲಿ.
ಕತ್ತೆಗಳಿಗೆ ತಿಳಿಯುವುದು ಒಂದೇ ಮಾತು:
ನಾಲಿಗೆ ಅಂಗುಳಕ್ಕೆ ಹಚ್ಚಿ ಬಿಡುವ 'ಟಕ್'.

ಬಣ್ಣ: ಬೂದಿ. ವಯಸ್ಸು: ಹಲ್ಲು ನೋಡಿ ಏಳು.
ಹುಣ್ಣು: ಹೆಗಲ ದಿಬ್ಬದ ಮೇಲೆ, ಅಂಗೈಯಗಲ.
ಹೆಸರು?
ಇಠಾಬಾಯಿ ನಕ್ಕಳು:
"ಹೆಸರಿಟ್ರ ಹೊಡಿಯಾಕ ಕೈ ಏಳೂದಿಲ್ರಿ."
ಇಲ್ಲ, ಎಂದು ಬರೆದುಕೊಂಡೆ.

ಹುಣ್ಣಿನ ಮೇಲೆ ಟ್ರ್ಯಾಕ್ಟರಿನ ಸುಟ್ಟ ಎಣ್ಣೆ,
ಅದರ ಮೇಲೆ ಸುಣ್ಣ, ಅದರ ಮೇಲೆ
ಯಾರೋ ಹೇಳಿದರೆಂದು ಬೀಡಿಯ ಬೂದಿ.
ಡಾಕ್ಟರ್ ಮುಜಾವರ ಬೈಯಲಿಲ್ಲ.
ಉಪ್ಪುನೀರಿನಲ್ಲಿ ಒಂದೊಂದೇ ಪದರ ತೊಳೆದರು.
"ಹದಿನೈದು ದಿನ ಹೇರಬ್ಯಾಡವ್ವಾ" ಎಂದರು.
ಇಠಾಬಾಯಿ ಸೆರಗಿನ ಗಂಟು ಬಿಚ್ಚಿ
ಬಿಲ್ಲೆಗಳನ್ನು ಎಣಿಸಿದಳು,
ಸುತ್ತಿಗೆ ಐವತ್ತು ಇಟ್ಟಂಗಿ, ಸುತ್ತಿಗೊಂದು ಬಿಲ್ಲೆ,
ಎಣಿಸಿ ಮತ್ತೆ ಕಟ್ಟಿಕೊಂಡಳು.
ಅದೇ ಉತ್ತರ.

ಆಗ ನಾವು ದಿಂಬು ಕೊಟ್ಟೆವು.
ಪುಣೆಯ ಯಾರೋ ತಾಯಿಯ ನೆನಪಿಗೆ ಕಳಿಸಿದ
ನೀಲಿ ರೆಕ್ಸಿನ್, ಒಳಗೆ ಫೋಮು.
ಫೋಟೋ ತೆಗೆದೆ. ಕತ್ತೆ ಆ ಕಡೆ ನೋಡುತ್ತಿತ್ತು.

ಮುಂದಿನ ಸಲ ಹೋದಾಗ
ಇಟ್ಟಂಗಿ ಅಟ್ಟಿಯ ನೆರಳಲ್ಲಿ
ನೀಲಿ ದಿಂಬಿನ ಮೇಲೆ ಕೂಸು ಮಲಗಿತ್ತು,
ಮುಷ್ಟಿ ಬಿಗಿದು, ಹಣೆಗೆ ಕಾಡಿಗೆಯ ಬೊಟ್ಟು.

ನನಗೆ ಸಿಟ್ಟು ಬಂತು.
ಲೆಕ್ಕ ಬರೆಯುವವನ ಸಿಟ್ಟು,
ಕತ್ತೆಗೂ ಕೂಸಿಗೂ ಸಂಬಂಧವಿಲ್ಲದ್ದು.

"ಅದು ಬೆವರತೈತ್ರಿ. ಬಿಸಲಾಗ ಹುಣ್ಣು ಕುದೀತೈತಿ.
ಕೂಸಿಗೆ ಅಡ್ಡಿಯಿಲ್ಲ, ಉಚ್ಚಿ ಹೊಯ್ದರ ಒರಸಿದ್ರಾತು."
ಟಕ್ ಎಂದಳು.

ಭಟ್ಟಿಯ ಹಿಂದಿನಿಂದ ಬೂದಿ ಬಣ್ಣದ್ದು ಬಂತು,
ಬೆನ್ನ ಮೇಲೆ ಕೌದಿ.
ಏಳು ಪದರ ಹಳೆಯ ಸೀರೆ,
ನಡುನಡುವೆ ಗಂಡನ ಅಂಗಿ, ಕಿಸೆಯ ಗುಂಡಿ ಹಾಗೇ ಉಳಿದಿದೆ.
ಹುಣ್ಣಿದ್ದ ಜಾಗಕ್ಕೆ ಸರಿಯಾಗಿ ಒಂದು ತೂತು,
ತೂತಿನ ಸುತ್ತ ಚಿಂದಿ ತುಂಬಿದ ದಪ್ಪ ಅಂಚು.

"ನಮ್ಮ ತಲಿಗೆ ಕೊಡ ಹೊರಾಕ ಸಿಂಬಿ ಬೇಕಲ್ರಿ?
ಇದಕ್ಕೂ ಅಷ್ಟ."

ಭಾರ ಅಂಚಿನ ಮೇಲೆ. ಹುಣ್ಣು ಗಾಳಿಯಲ್ಲಿ.
ಡಾಕ್ಟರ್ ಮುಜಾವರ ಎರಡು ಬೆರಳು ತೂತಿಗಿಳಿಸಿ
ಬಹಳ ಹೊತ್ತು ಸುಮ್ಮನಿದ್ದರು.
ಒಳಗೆ ಹೊಸ ಚರ್ಮ, ಇನ್ನೂ ಕೂದಲಿಲ್ಲ.
ಆಮೇಲೆ ಟೇಪು ಕೇಳಿದರು,
ಕತ್ತೆಯನ್ನಲ್ಲ, ಕೌದಿಯನ್ನು ಅಳೆದರು.

ಒಂದಕ್ಕೆ ನೂರೈವತ್ತು, ಅಂದಳು ಇಠಾಬಾಯಿ.
ನೂರು, ಅಂದೆ ನಾನು.
ನೂರಾಮೂವತ್ತಕ್ಕೆ ನಿಂತಿತು.
"ಹಳೇ ಸೀರಿ ನೀವ ತರ್ರಿ."

ಐವತ್ತು ಇಟ್ಟಂಗಿ ಐವತ್ತೇ ಉಳಿದಿವೆ.
ಸಾಹುಕಾರನ ಮುನೀಮ ನಮ್ಮ ವ್ಯಾನಿಗೆ
ದೂರದಿಂದ ಕೈ ಮುಗಿಯುತ್ತಾನೆ, ಹತ್ತಿರ ಬರುವುದಿಲ್ಲ.
ಪುಣೆಗೆ ಹೋಗುವ ರಿಪೋರ್ಟಿನಲ್ಲಿ
'ದಿಂಬು ದಿನವೂ ಬಳಕೆಯಲ್ಲಿದೆ' ಎಂದು ಬರೆದೆ.
ಸುಳ್ಳಲ್ಲ.

ರಾತ್ರಿ ಹೆಂಡತಿಯನ್ನು ಹಳೆಯ ಸೀರೆ ಕೇಳಿದೆ.
ಯಾರಿಗೆ ಅಂದಳು. ಹೇಳಿದೆ.
ಟ್ರಂಕಿನ ತಳದಿಂದ ಹಸಿರು ಇಳಕಲ್ ತೆಗೆದು
ಮಡಿಕೆಯಲ್ಲಿ ಸವೆದದ್ದನ್ನು ದೀಪಕ್ಕೆ ಹಿಡಿದು ನೋಡಿದಳು.
"ದಡಿ ಇನ್ನೂ ಗಟ್ಟಿ ಐತಿ.
ಹೊರಗ ಕಾಣೂ ಹಂಗ ಹಚ್ಚಾಕ ಹೇಳ್ರಿ ಆಕಿಗೆ."